ಹಕ್ಕಿ ಗುಂಪಿನ ಹೊಸಬರನ್ನು ತಿದ್ದುವಾಗ

ತಮ್ಮಾ, ನಮ್ಮ ನೀಲಗಿರಿಯ ಹಕ್ಕಿ ನೋಡುಗರ ವಾಟ್ಸಾಪ್ ಗುಂಪಿಗೆ ಈಗ ನೀನೇ ಅಡ್ಮಿನ್ ಅಂತ ಕೇಳಿ ಖುಷಿಯಾಯಿತು. ಹಕ್ಕಿ ಗುರುತಿಸುವುದನ್ನು ನಿನಗೆ ಯಾರೂ ಹೇಳಿಕೊಡಬೇಕಿಲ್ಲ. ಹೊಸಬರನ್ನು ತಿದ್ದುವುದು ಮಾತ್ರ ಬೇರೆಯದೇ ವಿದ್ಯೆ, ಅದಕ್ಕೇ ಬರೆಯುತ್ತಿದ್ದೇನೆ.

ಚಳಿಗಾಲ ಬಂತೆಂದರೆ ಊಟಿಯಿಂದ ಯಾರಾದರೊಬ್ಬರು ನೀಲಿ ಹಕ್ಕಿಯ ಫೋಟೊ ಹಾಕಿ 'ನೀಲಗಿರಿ ಫ್ಲೈಕ್ಯಾಚರ್' ಎಂದು ಬರೆದೇ ಬರೆಯುತ್ತಾರೆ. ನೋಡಿದರೆ ವರ್ಡಿಟರ್ ಫ್ಲೈಕ್ಯಾಚರ್. 'ಮೊದಲು ಪುಸ್ತಕ ಓದಿ ಬನ್ನಿ' ಎಂದು ಒಬ್ಬ ಹಿರಿಯರು ಕುಟುಕುತ್ತಾರೆ, ಇನ್ನಿಬ್ಬರು ನಗುವ ಎಮೋಜಿ ಒತ್ತುತ್ತಾರೆ. ಅಲ್ಲಿಗೆ ಆ ಮನುಷ್ಯನ ಬಾಯಿಗೆ ಬೀಗ. ನೀನು ಹೀಗೆ ಬರೆ: 'ಕಣ್ಣಿಗೂ ಕೊಕ್ಕಿಗೂ ನಡುವೆ ಕಪ್ಪು ಎದ್ದು ಕಾಣುತ್ತಿದೆ, ಮೈಬಣ್ಣ ತಿಳಿ ಹಸಿರುನೀಲಿ. ಚಳಿಗಾಲಕ್ಕೆ ಬಂದ ವರ್ಡಿಟರ್ ಇರಬೇಕು. ನೀಲಗಿರಿಯದು ವರ್ಷವಿಡೀ ಇಲ್ಲೇ ಇರುವ ಹಕ್ಕಿ, ಬಣ್ಣ ಗಾಢ, ಬಾಲದ ಬುಡದಲ್ಲಿ ಬಿಳಿ. ಬಾಲ ಕಾಣುವ ಇನ್ನೊಂದು ಫೋಟೊ ಇದೆಯೇ?' ಕೊನೆಯ ಆ ಪ್ರಶ್ನೆಯನ್ನು ಬಿಡಬೇಡ. ಅವರು ಫೋಟೊ ಹುಡುಕುತ್ತಾರೆ, ಹುಡುಕುತ್ತಾ ತಾವೇ ಕಂಡುಕೊಳ್ಳುತ್ತಾರೆ. ಗುಂಪಿನಲ್ಲಿ ಬಾಯಿ ಬಿಡದೆ ಕೂತ ಉಳಿದ ಹೊಸಬರಿಗೂ ಪಾಠವಾಗುತ್ತದೆ.

ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯ 2002ರಲ್ಲಿ ಶುರುಮಾಡಿದ ಇ-ಬರ್ಡ್ ಎಂಬ ಹಕ್ಕಿ ದಾಖಲೆಯ ಜಾಲತಾಣದ ಪದ್ಧತಿಯೂ ಇದೇ. ಅಪರೂಪದ ಹಕ್ಕಿಯನ್ನೋ ಭಾರೀ ಸಂಖ್ಯೆಯನ್ನೋ ದಾಖಲಿಸಿದರೆ ಆ ಪ್ರದೇಶದ ಸ್ವಯಂಸೇವಕರು ವಿವರ ಕೇಳಿ ಮೇಲ್ ಕಳಿಸುತ್ತಾರೆ. ವಿವರ ಸಾಲದಿದ್ದರೆ ಸಾರ್ವಜನಿಕ ದಾಖಲೆಗೆ ಅದು ಸೇರುವುದಿಲ್ಲ, ನೋಡಿದವರ ಸ್ವಂತ ಪಟ್ಟಿಯಲ್ಲಿ ಮಾತ್ರ ಹಾಗೇ ಉಳಿಯುತ್ತದೆ. ಯಾರ ಮಾನವೂ ಹೋಗುವುದಿಲ್ಲ.

ಹೆಸರು ತಪ್ಪಿದರೆ ಎಲ್ಲರೆದುರೇ ತಿದ್ದು. ನಡತೆ ತಪ್ಪಿದರೆ ಖಾಸಗಿಯಾಗಿ ಹೇಳು. ಶೋಲಾ ಕಾಡಿನ ಅಂಚಿನಲ್ಲಿ ಮೊಬೈಲಿನಿಂದ ಕೂಗು ಹಾಕಿ ನೀಲಗಿರಿ ಬ್ಲೂ ರಾಬಿನ್ ಅನ್ನು ಹೊರಗೆಳೆದವರಿಗೆ ಅದು ತಪ್ಪೆಂದು ಎಷ್ಟೋ ಸಲ ಯಾರೂ ಹೇಳಿರುವುದೇ ಇಲ್ಲ. ಫೋನ್ ಮಾಡು. ತನ್ನ ಜಾಗಕ್ಕೆ ಇನ್ನೊಂದು ಹಕ್ಕಿ ನುಗ್ಗಿತೆಂದು ಅದು ಮೇವು, ಗೂಡು ಬಿಟ್ಟು ಜಗಳಕ್ಕೆ ಬರುತ್ತದೆ ಎಂದು ವಿವರಿಸು. ಬೆಳಿಗ್ಗೆ ಬೇಗ ಹೋಗಿ ಅಲುಗಾಡದೆ ಕೂತರೆ ಅದೃಷ್ಟವಿದ್ದರೆ ತಾನಾಗಿಯೇ ಕಾಣಿಸುತ್ತದೆ ಎಂದೂ ಹೇಳು. 'ಮಾಡಬೇಡಿ' ಎಂದಷ್ಟೇ ಹೇಳಿ, ಮತ್ತೇನು ಮಾಡಬೇಕೆಂದು ಹೇಳದಿರುವುದು ನಮ್ಮಂಥ ಹಿರಿಯರ ಹಳೇ ಚಾಳಿ. ನಿನಗದು ಅಂಟದಿರಲಿ.

ಒಂದು ಕಡೆ ಮಾತ್ರ ದಾಕ್ಷಿಣ್ಯ ಬೇಡ. ಮಸಿನಗುಡಿ ಸುತ್ತಿನ ಸಿಗೂರು, ಮೋಯಾರ್ ಸೀಮೆಯ ಹಳ್ಳಗಳ ದಡದಲ್ಲಿ, ಹೊಳೆಮತ್ತಿ ಮರಗಳ ಮೇಲೆ ಬಿಳಿಬೆನ್ನಿನ ರಣಹದ್ದು ಗೂಡು ಕಟ್ಟುತ್ತದೆ. ಇಡುವುದು ಒಂದೇ ಮೊಟ್ಟೆ. ದನಕರುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿಗೆ 2006ರಲ್ಲಿ ನಿಷೇಧ ಬೀಳುವ ಹೊತ್ತಿಗೆ ದೇಶದ ರಣಹದ್ದುಗಳಲ್ಲಿ ಬಹುಪಾಲು ಆ ಔಷಧಿ ಸೇರಿದ ಸತ್ತ ದನದ ಮಾಂಸ ತಿಂದು ಸತ್ತೇ ಹೋಗಿದ್ದವು. ಅಂಥ ಗೂಡಿನ ಫೋಟೊ ಲೊಕೇಶನ್ ಸಮೇತ ಬಂದರೆ ಮೊದಲು ಅಳಿಸು, ಆಮೇಲೆ ಕಾರಣ ಹೇಳು. ಅವರು ಮುನಿಸಿಕೊಂಡರೆ ಮುನಿಸಿಕೊಳ್ಳಲಿ.

1908ರಲ್ಲಿ ಒಬ್ಬ ಹುಡುಗ ಏರ್‌ಗನ್‌ನಿಂದ ಹೊಡೆದ ಗುಬ್ಬಿಯನ್ನು ಹಿಡಿದುಕೊಂಡು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದ. ಕಾರ್ಯದರ್ಶಿ ಮಿಲ್ಲಾರ್ಡ್ ಅದು ಹಳದಿ ಕತ್ತಿನ ಗುಬ್ಬಿ ಎಂದು ಗುರುತಿಸಿ, ಸಂಗ್ರಹದಲ್ಲಿದ್ದ ಹಕ್ಕಿಗಳನ್ನೆಲ್ಲ ತೋರಿಸಿದರು. ಆ ಹುಡುಗನೇ ಮುಂದೆ ದೊಡ್ಡ ಪಕ್ಷಿವಿಜ್ಞಾನಿಯಾದ ಸಲೀಂ ಅಲಿ. ಕೊಂದ ಹಕ್ಕಿ ಹಿಡಿದು ಬಂದವನಿಗೇ ಅಷ್ಟು ತಾಳ್ಮೆ ತೋರಿದರು, ನಮ್ಮವರು ತಪ್ಪು ಹೆಸರು ಬರೆದವರ ಮೇಲೆ ಹರಿಹಾಯುತ್ತಾರೆ!

ಇನ್ನೊಂದು ಮಾತು. ಮಸಿನಗುಡಿಯ ಜೀಪು ಓಡಿಸುವ ಹುಡುಗರು ಇಂಗ್ಲಿಷ್ ಹೆಸರು ಬರೆಯಲಾರರು. ಕೂಗು ಕೇಳಿಯೇ ಹಕ್ಕಿ ಹೇಳುತ್ತಾರೆ. ಅವರು ಕನ್ನಡದಲ್ಲೋ ಬಡಗದಲ್ಲೋ ತಮಿಳಿನಲ್ಲೋ ಬರೆದರೆ ಕಾಗುಣಿತ ತಿದ್ದಲು ಹೋಗಬೇಡ. ಅವರು ಸುಮ್ಮನಾದರೆ ನಷ್ಟ ನಮಗೇ.

ಫೆಬ್ರವರಿಯಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಎಂಬ ಹಕ್ಕಿ ಎಣಿಕೆ ಇದೆ. ಒಮ್ಮೆ ಎಣಿಸಲು ಹದಿನೈದು ನಿಮಿಷ ಸಾಕು. ಗೂಡಲೂರಿನ ಕಾಲೇಜು ಮಕ್ಕಳಿಗೆ ನಿಯಮಗಳ ಉದ್ದ ಪಟ್ಟಿ ಕಳಿಸುವ ಮೊದಲು ಒಂದು ಬೆಳಿಗ್ಗೆ ನೀನೇ ಅವರ ಜೊತೆ ನಡೆದು, ಮೊದಲ ಎಣಿಕೆ ಮಾಡಿಸಿ ಬಾ.