ತರಗತಿಯಿಂದ ತೆರೆಗೆ: ಅಧ್ಯಾಪಕರಿಗೆ ಬೇಕಾದ ಆಸರೆ

ಕಾಲೇಜಿನ ಪಾಠವನ್ನು ಆನ್‌ಲೈನಿಗೆ ತರುವುದೆಂದರೆ ಅಧ್ಯಾಪಕರ ಎದುರು ಕ್ಯಾಮೆರಾ ಇಟ್ಟು, ಒಂದು ಗಂಟೆಯ ಉಪನ್ಯಾಸವನ್ನು ಚಿತ್ರೀಕರಿಸಿದರೆ ಮುಗಿಯಿತು ಎಂಬ ಭಾವನೆ ಹಲವರಲ್ಲಿದೆ. ವಾಸ್ತವವಾಗಿ ಕೆಲಸ ಆರಂಭವಾಗುವುದೇ ಅನಂತರ. ನಾವು ನೆಲೆಸಿರುವ ಟೆಕ್ಸಾಸಿನ ಮೂರು ನಗರಗಳ ಅನುಭವ ಇದನ್ನು ಚೆನ್ನಾಗಿ ತೋರಿಸುತ್ತದೆ.

ಡಲ್ಲಾಸ್: ಒಬ್ಬರ ಕೆಲಸವಲ್ಲ

ಡಲ್ಲಾಸ್ ಕೌಂಟಿಯ ಸಮುದಾಯ ಕಾಲೇಜುಗಳು (2020ರಿಂದ ಇವೆಲ್ಲ ಸೇರಿ ಒಂದೇ ‘ಡಲ್ಲಾಸ್ ಕಾಲೇಜ್’) 1970ರ ದಶಕದಲ್ಲಿಯೇ ದೂರದರ್ಶನದ ಮೂಲಕ ಪಾಠ ಹೇಳತೊಡಗಿದ್ದವು. ಇಂಥ ಪಾಠಗಳ ಜೊತೆಗೆ ಪಠ್ಯಪುಸ್ತಕ, ಅಭ್ಯಾಸದ ಕೈಪಿಡಿ, ಪರೀಕ್ಷೆಗಳೂ ಇರುತ್ತಿದ್ದವು. ವಿಷಯ ಬಲ್ಲ ಅಧ್ಯಾಪಕರು, ಪಾಠದ ಕ್ರಮವನ್ನು ರೂಪಿಸುವವರು, ತಂತ್ರಜ್ಞರು ಒಟ್ಟಾಗಿ ಕುಳಿತರೆ ಮಾತ್ರ ಅಂಥ ಪಾಠ ಸಿದ್ಧವಾಗುತ್ತದೆ.

ಆಸ್ಟಿನ್: ಪುಟ್ಟ ಪರೀಕ್ಷೆ, ದೊಡ್ಡ ಫಲ

ಟೆಕ್ಸಾಸ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ಪ್ರಾಧ್ಯಾಪಕರಾದ ಜೇಮ್ಸ್ ಪೆನ್ನೆಬೇಕರ್ ಮತ್ತು ಸ್ಯಾಮ್ಯುಯೆಲ್ ಗೋಸ್ಲಿಂಗ್ ತಮ್ಮ ದೊಡ್ಡ ತರಗತಿಯಲ್ಲಿ ಪ್ರತಿದಿನ ಲ್ಯಾಪ್‌ಟಾಪಿನಲ್ಲಿ ಪುಟ್ಟ ಪರೀಕ್ಷೆ ಇಟ್ಟರು. ಉತ್ತರ ಸರಿಯೋ ತಪ್ಪೋ ಎಂಬುದು ವಿದ್ಯಾರ್ಥಿಗೆ ಕೂಡಲೇ ತಿಳಿಯುತ್ತಿತ್ತು. 2013ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 901 ವಿದ್ಯಾರ್ಥಿಗಳಿದ್ದರು. ಹಿಂದಿನ ವರ್ಷಗಳಿಗೆ ಹೋಲಿಸಿದರೆ ಫಲಿತಾಂಶ ಸುಮಾರು ಅರ್ಧ ಗ್ರೇಡಿನಷ್ಟು ಮೇಲೇರಿತು. ಅದಕ್ಕಿಂತ ಮುಖ್ಯವಾಗಿ, ಬಡ ಮತ್ತು ಅನುಕೂಲಸ್ಥ ಮನೆಗಳ ಮಕ್ಕಳ ನಡುವಿನ ಅಂತರ ಅರ್ಧದಷ್ಟು ತಗ್ಗಿತು! ಅದೇ ವರ್ಷ ಅವರು ಆ ಪಾಠವನ್ನು ಪೂರ್ಣವಾಗಿ ಆನ್‌ಲೈನಿಗೆ ತಂದರು.

ಹ್ಯೂಸ್ಟನ್: ವಿಪತ್ತಿನ ಪಾಠ

2005ರಲ್ಲಿ ಕತ್ರಿನಾ ಚಂಡಮಾರುತದಿಂದ ಮನೆ ಕಳೆದುಕೊಂಡ ಅಸಂಖ್ಯ ಜನ ಹ್ಯೂಸ್ಟನ್ನಿಗೆ ಬಂದರು. ಆಗ ಕಾಲೇಜು ತಪ್ಪಿದ ವಿದ್ಯಾರ್ಥಿಗಳಿಗೆ ‘ಸ್ಲೋನ್ ಸೆಮಿಸ್ಟರ್’ ಎಂಬ ಹೆಸರಿನಲ್ಲಿ ಉಚಿತ ಆನ್‌ಲೈನ್ ಪಾಠಗಳನ್ನು ಒದಗಿಸಲಾಯಿತು. 2017ರ ಹಾರ್ವೆ ಪ್ರವಾಹದಲ್ಲಿ ಹ್ಯೂಸ್ಟನ್ನಿನ ಕಾಲೇಜುಗಳೇ ದಿನಗಟ್ಟಲೆ ಮುಚ್ಚಿದವು. 2021ರ ಫೆಬ್ರವರಿಯ ಹಿಮಗಾಳಿಯಲ್ಲಿ ಕರೆಂಟೇ ಹೋದಾಗ ಆನ್‌ಲೈನ್ ತರಗತಿಯೂ ನಿಂತಿತು. ಆದ್ದರಿಂದ ನಿಗದಿತ ಸಮಯದ ನೇರ ಪಾಠವನ್ನಷ್ಟೇ ನೆಚ್ಚಬಾರದು. ಮೊದಲೇ ಇಳಿಸಿಕೊಂಡು ಬೇಕಾದಾಗ ಓದುವಂತಿರಬೇಕು.

ನಮ್ಮೂರಿಗೆ ಹೇಗೆ?

2020ರ ಲಾಕ್‌ಡೌನಿನಲ್ಲಿ ಮಲೆನಾಡಿನ ಮಕ್ಕಳು ನೆಟ್‌ವರ್ಕಿಗಾಗಿ ಗುಡ್ಡ ಹತ್ತಿದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಮನೆಯಲ್ಲಿ ಒಂದೇ ಫೋನು, ಅದೂ ಅಪ್ಪನ ಜೊತೆ ಹೊಲಕ್ಕೆ ಹೋಗುತ್ತದೆ. ಅಂಥ ಮಕ್ಕಳಿಗೆ ಪಾಠ ಮಾಡುವ ಅಧ್ಯಾಪಕರಿಗೆ ನಾವು ಹೀಗೆ ನೆರವಾಗಬಹುದು. ಅರ್ಥಶಾಸ್ತ್ರದ ‘ಬೇಡಿಕೆ ಮತ್ತು ಪೂರೈಕೆ’ ಪಾಠವನ್ನೇ ತೆಗೆದುಕೊಳ್ಳೋಣ.

1. ಪಾಠ ಮುಗಿದಾಗ ವಿದ್ಯಾರ್ಥಿ ಏನು ಮಾಡಬಲ್ಲವನಾಗಬೇಕು ಎಂದು ಒಂದೇ ವಾಕ್ಯದಲ್ಲಿ ಬರೆಯುವುದು. ಉದಾ: ಮಳೆ ಹೆಚ್ಚಾದಾಗ ಟೊಮೆಟೊ ಬೆಲೆ ಏಕೆ ಏರಿತೆಂದು ವಿವರಿಸಬೇಕು.
2. ಗಂಟೆಯ ಉಪನ್ಯಾಸವನ್ನು ಹತ್ತು ಹತ್ತು ನಿಮಿಷದ ತುಣುಕುಗಳನ್ನಾಗಿ ಮಾಡುವುದು.
3. ಪ್ರತಿ ತುಣುಕಿನ ಕೊನೆಗೆ ನಾಲ್ಕೈದು ಪ್ರಶ್ನೆ. ಉತ್ತರ ತಪ್ಪಾದರೆ ಕಾರಣವೂ ಕೂಡಲೇ ಸಿಗಬೇಕು.
4. ವಿಡಿಯೋ ನೋಡಲಾಗದವರಿಗೆ ಧ್ವನಿಮುದ್ರಿಕೆ ಮತ್ತು ಮುದ್ರಿತ ಟಿಪ್ಪಣಿ.
5. ವಾರಕ್ಕೊಮ್ಮೆ ಅಧ್ಯಾಪಕರೊಡನೆ ಮಾತುಕತೆ. ಇದನ್ನು ಮಾತ್ರ ಯಾವ ಯಂತ್ರಕ್ಕೂ ಒಪ್ಪಿಸಬಾರದು.

ಕಂಪ್ಯೂಟರ್ ಕೊಡಿಸುವ ದಾನಿಗಳು ಸಿಗುತ್ತಾರೆ. ಆದರೆ ವಾರಕ್ಕೆ ಹದಿನಾರು ಗಂಟೆ ಪಾಠ ಮಾಡುವ ಅಧ್ಯಾಪಕರ ಪಕ್ಕದಲ್ಲಿ ಕೂತು, ಅವರ ಅನುಭವಕ್ಕೆ ಗೌರವ ಕೊಟ್ಟು, ಒಂದೊಂದೇ ಪಾಠವನ್ನು ಜೊತೆಯಾಗಿ ಕಟ್ಟುವವರು ವಿರಳ. ನಮ್ಮ ಮೂರೂ ನಗರಗಳಲ್ಲಿ ಬೋಧನೆ ಬಲ್ಲ, ತಂತ್ರಜ್ಞಾನ ಬಲ್ಲ ಕನ್ನಡಿಗರಿದ್ದಾರೆ. ಹಣದ ಜೊತೆಗೆ ವಾರಕ್ಕೊಂದು ಗಂಟೆಯನ್ನೂ ಕೊಟ್ಟರೆ ನಮ್ಮ ವಿದ್ಯಾದಾನ ಆ ಒಂದೇ ಫೋನಿನ ಮನೆಯನ್ನೂ ಮುಟ್ಟೀತು.