ಮೂವತ್ತು ದಿನದೊಳಗೆ ಕಣ್ಣು ತೋರಿಸಿ

ನಿಮ್ಮ ಮನೆಯಲ್ಲಿ ದಿನ ತುಂಬದೆ ಹುಟ್ಟಿದ ಮಗುವಿದ್ದರೆ ಉಳಿದ ಕೆಲಸ ಬದಿಗಿಟ್ಟು ಇದನ್ನು ಓದಿ.

ನನ್ನ ಮಗಳು 30ನೇ ವಾರಕ್ಕೇ ಹುಟ್ಟಿದಳು, ತೂಕ 1,250 ಗ್ರಾಂ. ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಆಕ್ಸಿಜನ್ ಕೊಟ್ಟು ಉಳಿಸಿದರು. ಆ ಋಣ ದೊಡ್ಡದು. ಆದರೆ ಡಿಸ್ಚಾರ್ಜ್ ಕಾರ್ಡಿನಲ್ಲಿ ತೂಕ, ವಿಟಮಿನ್ ಡ್ರಾಪ್ಸ್, ಲಸಿಕೆಯ ತಾರೀಕು ಎಲ್ಲ ಇದ್ದರೂ ಕಣ್ಣಿನ ಬಗ್ಗೆ ಒಂದಕ್ಷರ ಇರಲಿಲ್ಲ.

ಆರು ವಾರದ ಲಸಿಕೆಗೆ ಹೋದಾಗ ನರ್ಸಮ್ಮ ತಾಯಿ ಕಾರ್ಡ್ ನೋಡಿ, "ಕೂಸಿನ ಕಣ್ಣು ತೋರ್ಸೀರೇನು?" ಎಂದರು. ಮನೆಯಲ್ಲಿ ಅತ್ತೆ ಹಟ ಹಿಡಿದರು: "ಹಸಿಗೂಸು, ಮೂರು ತಿಂಗಳು ತುಂಬೋತನಕ ಊರು ದಾಟಿಸಬ್ಯಾಡ. ಪಿಳಿಪಿಳಿ ನೋಡಾಕತ್ತೈತಲ್ಲ!"

ನೋಡುತ್ತಿತ್ತು, ನಿಜ. ಈ ಕಾಯಿಲೆ ಮೋಸ ಮಾಡುವುದೇ ಅಲ್ಲಿ. ರೆಟಿನಾದ ರಕ್ತನಾಳಗಳು ಅಂಚಿನವರೆಗೆ ಬೆಳೆಯಲು ಪೂರ್ತಿ ಒಂಬತ್ತು ತಿಂಗಳು ಬೇಕು. ಬೇಗ ಹುಟ್ಟಿದ ಮಗುವಿನಲ್ಲಿ ಅವು ಅರ್ಧಕ್ಕೇ ನಿಂತು, ಆಮೇಲೆ ಅಡ್ಡಾದಿಡ್ಡಿ ಬೆಳೆದು ರೆಟಿನಾವನ್ನೇ ಎಳೆದು ಕಿತ್ತುಬಿಡಬಹುದು. ಡಾಕ್ಟರುಗಳು ಇದನ್ನು ಆರ್‌ಒಪಿ ಎನ್ನುತ್ತಾರೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಅತ್ತೆಯ ಮಾತು ಮೀರಿ ರಾಣೆಬೆನ್ನೂರಿನಿಂದ ರಾತ್ರಿ ರೈಲು ಹತ್ತಿದೆವು. ಬೆಂಗಳೂರಿನ ಕಣ್ಣಾಸ್ಪತ್ರೆಯಲ್ಲಿ ಪಾಪೆ ಅಗಲವಾಗಲು ಮತ್ತೆ ಮತ್ತೆ ಹನಿ ಹಾಕಿದರು. ಮಗುವನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದರು. ನರ್ಸ್ ತಲೆ ಹಿಡಿದರು, ನಾನು ಕಾಲು. ರೆಪ್ಪೆಗಳ ನಡುವೆ ತಂತಿಯ ಕ್ಲಿಪ್ ಇಟ್ಟು ಅಗಲಿಸಿದಾಗ ಅವಳು ಕಿರುಚಿದಳು. ಕಿರುಚುತ್ತಲೇ ಉಸಿರು ಕಟ್ಟಿತು, ತುಟಿ ನೀಲಿಯಾಯಿತು. ಡಾಕ್ಟರು ಕೈ ತೆಗೆದು ಕಾದರು. ಉಸಿರು ಬಂತು. ಮತ್ತೆ ಕ್ಲಿಪ್, ಮತ್ತೆ ಹಣೆಯ ದೀಪದ ಬೆಳಕು. ಎತ್ತಿಕೊಂಡು ಓಡಿಬಿಡಬೇಕು ಅನ್ನಿಸಿತು; ಕಾಲು ಬಿಡಲಿಲ್ಲ.

"ಮೂರನೇ ಹಂತ, ಪ್ಲಸ್ ಇದೆ. ಎರಡೂ ಕಣ್ಣು."

"ತಡವಾಯಿತಾ ಡಾಕ್ಟ್ರೇ?"

"ರೆಟಿನಾ ಇನ್ನೂ ಜಾಗದಲ್ಲೇ ಇದೆ. ಇವತ್ತೇ ಲೇಸರ್ ಮಾಡೋಣ. ಇಲ್ಲಿ ಸಹಿ ಹಾಕಿ."

ನಿಯಮ ಆಮೇಲೆ ತಿಳಿಯಿತು. 2,000 ಗ್ರಾಂಗಿಂತ ಕಡಿಮೆ ತೂಕವಿದ್ದರೆ ಅಥವಾ 34 ವಾರಕ್ಕೆ ಮುಂಚೆ ಹುಟ್ಟಿದ್ದರೆ 30 ದಿನದೊಳಗೆ ರೆಟಿನಾ ಪರೀಕ್ಷೆ ಆಗಬೇಕು; ತೀರಾ ಸಣ್ಣ ಮಕ್ಕಳಿಗೆ ಇನ್ನೂ ಬೇಗ. ಮೂವತ್ತನೇ ದಿನ ನನ್ನ ಮಗಳು ಅದೇ ಎನ್‌ಐಸಿಯುನಲ್ಲಿ, ಅಲ್ಲಿನ ಡಾಕ್ಟರ ಕಣ್ಣೆದುರಿಗೇ ಇದ್ದಳು! 2008ರಿಂದ ನಾರಾಯಣ ನೇತ್ರಾಲಯದ ಕಿಡ್‌ರಾಪ್ ತಂಡದವರು ಕ್ಯಾಮೆರಾ ಹಿಡಿದು ಜಿಲ್ಲೆಗಳ ಎನ್‌ಐಸಿಯುಗಳಿಗೆ ಹೋಗುತ್ತಿದ್ದಾರೆ, ತೆಗೆದ ಚಿತ್ರಗಳನ್ನು ತಜ್ಞರು ದೂರದಿಂದಲೇ ನೋಡಿ ಹೇಳುತ್ತಾರೆ. ಅಂಥ ರಾಜ್ಯದಲ್ಲಿ "ಗೊತ್ತಿರಲಿಲ್ಲ" ಎಂಬ ಉತ್ತರವನ್ನು ನಾನು ಒಪ್ಪುವುದಿಲ್ಲ.

ನೀವು ಮಾಡಬೇಕಾದದ್ದಿಷ್ಟು. ಎನ್‌ಐಸಿಯುನಲ್ಲಿರುವಾಗಲೇ "ಆರ್‌ಒಪಿ ಪರೀಕ್ಷೆ ಯಾವಾಗ?" ಎಂದು ಕೇಳಿ, ತಾರೀಕು ಬರೆಸಿಕೊಳ್ಳಿ. ಪರೀಕ್ಷೆಗೆ ಮುಂಚೆ ಹಾಲು ಎಷ್ಟು ಹೊತ್ತು ನಿಲ್ಲಿಸಬೇಕೆಂದು ವಿಚಾರಿಸಿ. ಮೊದಲ ಪರೀಕ್ಷೆ ಸರಿಯಿದ್ದರೂ ಮರುಭೇಟಿ ತಪ್ಪಿಸಬೇಡಿ. ಲೇಸರ್ ಆದ ಮಕ್ಕಳಿಗೂ ಮುಂದೆ ಕನ್ನಡಕ ಬೇಕಾಗಬಹುದು, ಮೆಳ್ಳೆಗಣ್ಣು ಬರಬಹುದು. ನನ್ನ ಮಗಳು ಈಗ ಕನ್ನಡಕ ಹಾಕಿಕೊಂಡು ಅಂಗನವಾಡಿಗೆ ಹೋಗುತ್ತಾಳೆ, ಗೋಡೆಯ ಚಿತ್ರಗಳನ್ನು ಬೆರಳಿಟ್ಟು ಹೆಸರಿಸುತ್ತಾಳೆ.

ಆಸ್ಪತ್ರೆಗಳನ್ನು ಕೇಳುವುದು ಒಂದೇ: ಡಿಸ್ಚಾರ್ಜ್ ಕಾರ್ಡಿನಲ್ಲಿ ಕಣ್ಣಿಗೂ ಒಂದು ಸಾಲು ಅಚ್ಚು ಹಾಕಿಸಿ. ಅದನ್ನು ತುಂಬದೆ ಯಾವ ಮಗುವನ್ನೂ ಮನೆಗೆ ಕಳಿಸಬೇಡಿ.