ಹೊಗೆಸೊಪ್ಪಿನ ಲೆಕ್ಕಕ್ಕೆ ಯಾವ ಜಾವಾ ಫ್ರೇಮ್‌ವರ್ಕ್?

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಸೀಮೆಯ ಹೊಗೆಸೊಪ್ಪು ತಂಬಾಕು ಮಂಡಳಿಯ ಹರಾಜಿನಲ್ಲಿ ಮಾರಾಟವಾಗುತ್ತದೆ. ರಾಜ್ಯದಲ್ಲಿ ಈ ಪದ್ಧತಿ ಬಂದದ್ದು 1984ರಲ್ಲಿ. ನೋಂದಾಯಿತ ಬೆಳೆಗಾರ, ಎಲೆ ಹದಗೊಳಿಸುವ ಅವರ ಬ್ಯಾರನ್, ಮಾರುಕಟ್ಟೆಗೆ ತಂದ ಬೇಲ್, ಅದಕ್ಕೆ ಬಿದ್ದ ದರ, ಕೊಂಡ ಕಂಪನಿ, ಪಾವತಿ ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿವೆ. ಇಂಥ ಲೆಕ್ಕವನ್ನು ಕ್ಲೌಡ್‌ನಲ್ಲಿ ಓಡುವ ಜಾವಾ ಅಪ್ಲಿಕೇಶನ್‌ಗೆ ತರುವಾಗ ಮೊದಲು ನೋಡಬೇಕಾದದ್ದು ಈ ಹೆಣಿಗೆಯನ್ನು. ಫ್ರೇಮ್‌ವರ್ಕ್‌ನ ಮಾತು ಆಮೇಲೆ.

ಬೆಳೆಗಾರರ ದಾಖಲೆಯೊಳಗೇ ಬೇಲ್‌ಗಳನ್ನೂ ಇಟ್ಟುಬಿಡುವ ಡಾಕ್ಯುಮೆಂಟ್ ಡೇಟಾಬೇಸ್ ಮೊದಮೊದಲು ಬಲು ಸಲೀಸು. ಆದರೆ ಒಂದು ಕಂಪನಿ ಇವತ್ತು ಯಾವ ದರಕ್ಕೆ ಎಷ್ಟು ಕೊಂಡಿತು ಎಂದು ಕೇಳಿದ ಕೂಡಲೇ ತೊಡಕು ಶುರು. ಇಲ್ಲಿಗೆ ರಿಲೇಶನಲ್ ಡೇಟಾಬೇಸೇ ಸರಿ.

ಇನ್ನು ಫ್ರೇಮ್‌ವರ್ಕ್. ಜಾವಾ ಆಬ್ಜೆಕ್ಟ್‌ಗಳನ್ನು ರಿಲೇಶನಲ್ ಟೇಬಲ್‌ಗಳಿಗೆ ಹೊಂದಿಸಲೆಂದು 2001ರಲ್ಲಿ ಗ್ಯಾವಿನ್ ಕಿಂಗ್ ಆರಂಭಿಸಿದ ಹೈಬರ್ನೇಟ್, 2006ರಲ್ಲಿ ಬಂದ ಜೆಪಿಎ ಮಾನದಂಡ ಇವು ದಾಖಲೆ ಸೇರಿಸುವ, ತಿದ್ದುವ ಕೆಲಸವನ್ನು ಬಹಳ ಹಗುರ ಮಾಡಿವೆ. ಪೆಟ್ಟು ಬೀಳುವುದು ಪಟ್ಟಿ ತೆಗೆಯುವಾಗ. ದಿನದ ಬೇಲ್‌ಗಳನ್ನು ಒಂದು ಕ್ವೆರಿಯಲ್ಲಿ ತಂದ ಹೈಬರ್ನೇಟ್, ಹೇಳದೇ ಇದ್ದರೆ ಒಬ್ಬೊಬ್ಬ ಬೆಳೆಗಾರರ ಹೆಸರಿಗೂ ಮತ್ತೊಂದು ಕ್ವೆರಿ ಕಳಿಸುತ್ತದೆ. 300 ಬೆಳೆಗಾರರಿದ್ದರೆ 301 ಕ್ವೆರಿ. ಕ್ಲೌಡ್‌ನಲ್ಲಿ ಡೇಟಾಬೇಸ್ ಸಾಮಾನ್ಯವಾಗಿ ಬೇರೆ ಯಂತ್ರದಲ್ಲಿರುತ್ತದೆ. ಒಂದು ಸುತ್ತಿಗೆ 2 ಮಿಲಿಸೆಕೆಂಡ್ ಎಂದರೂ ಅರ್ಧ ಸೆಕೆಂಡ್‌ಗಿಂತ ಹೆಚ್ಚು ಬರೀ ಓಡಾಟಕ್ಕೇ ಹೋಯಿತು. ಅಷ್ಟು ಹೊತ್ತೂ ಒಂದು ಕನೆಕ್ಷನ್ ಬಿಡುವಾಗುವುದಿಲ್ಲ. ಕನೆಕ್ಷನ್‌ಗಳನ್ನು ತೆರೆದಿಟ್ಟು ಹಂಚುವ ಹಿಕಾರಿ ಪೂಲ್‌ನಲ್ಲಿ ನಾವಾಗಿ ಬದಲಿಸದಿದ್ದರೆ ಇರುವುದೇ 10 ಕನೆಕ್ಷನ್. ಹರಾಜಿನ ಹೊತ್ತಿನಲ್ಲಿ ಹತ್ತು ಜನ ಅದೇ ಪಟ್ಟಿ ತೆರೆದರೆ ಹನ್ನೊಂದನೆಯವರು ಕಾಯಬೇಕು. ‘ಜಾಯಿನ್ ಫೆಚ್’ ಎಂದು ಬರೆದರೆ ಅದೆಲ್ಲ ಒಂದೇ ಕ್ವೆರಿಯಲ್ಲಿ ಮುಗಿಯುತ್ತದೆ. ಲಾಗ್‌ನಲ್ಲಿ ಎಸ್‌ಕ್ಯೂಎಲ್ ಓದದೆ ಯಾವ ಫ್ರೇಮ್‌ವರ್ಕನ್ನೂ ಆಯಬಾರದು.

ವರದಿಗಳಿಗೆ ಮೈಬ್ಯಾಟಿಸ್ ಅಥವಾ ನೇರ ಜೆಡಿಬಿಸಿ ವಾಸಿ: ಬರೆದ ಎಸ್‌ಕ್ಯೂಎಲ್ಲೇ ಓಡುತ್ತದೆ. ಒಂದೇ ಅಪ್ಲಿಕೇಶನ್‌ನಲ್ಲಿ ದಾಖಲೆಗೆ ಹೈಬರ್ನೇಟ್, ವರದಿಗೆ ಇವು ಎಂದು ಎರಡು ಬಗೆಯನ್ನೂ ಇಟ್ಟುಕೊಳ್ಳುವುದರಲ್ಲಿ ತಪ್ಪೇನಿಲ್ಲ.

ದಾಖಲೆಗಳನ್ನು ಮೊಬೈಲ್‌ನಿಂದ ಸೇರಿಸುವುದಾದರೆ ಇನ್ನೊಂದು ಎಚ್ಚರ ಬೇಕು: ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ನೆಟ್‌ವರ್ಕ್ ಕೈಕೊಟ್ಟಾಗ ಮೊಬೈಲ್ ಒಂದೇ ದಾಖಲೆಯನ್ನು ಎರಡು ಸಲ ಕಳಿಸಬಹುದು. ಜೆಪಿಎಯ ವರ್ಷನ್ ಕಾಲಂ ಇಬ್ಬರು ಒಟ್ಟಿಗೆ ತಿದ್ದುವುದನ್ನು ಹಿಡಿಯುತ್ತದೆ, ಎರಡು ಸಲ ಸೇರುವುದನ್ನಲ್ಲ. ಅದಕ್ಕೆ ಮೊಬೈಲ್‌ನಲ್ಲೇ ದಾಖಲೆಗೊಂದು ಗುರುತಿನ ಸಂಖ್ಯೆ ಕೊಟ್ಟು, ಟೇಬಲ್‌ನಲ್ಲಿ ಅದರ ಮೇಲೆ ಯುನೀಕ್ ನಿರ್ಬಂಧ ಹಾಕಬೇಕು.